ಓದುಗರ ಪ್ರಶ್ನೆ: ಮೇಯರ್ ಕುರ್ಚಿ, ವಾರ್ಡಿನ ಕೆಲಸ, ಕಡತದ ಸಾಕ್ಷಿ

ಪ್ರಶ್ನೆ: ಕೆನಡಾದ ಮಿಸಿಸಾಗಾ ನಗರದಲ್ಲಿ ಒಬ್ಬರೇ 36 ವರ್ಷ ಮೇಯರ್ ಆಗಿದ್ದರಂತೆ. ಬೆಂಗಳೂರಿನಲ್ಲಿ ಮೇಯರ್ ಹೆಸರು ಬಾಯಿಗೆ ಬರುವಷ್ಟರಲ್ಲಿ ಅವರ ಅವಧಿಯೇ ಮುಗಿದಿರುತ್ತಿತ್ತು. ಯಾಕೆ ಹೀಗೆ?
– ಓದುಗರು, ಬಸವನಗುಡಿ

ಉತ್ತರ: ಅವರು ಹೇಝಲ್ ಮೆಕ್‌ಕ್ಯಾಲಿಯನ್. 1978ರಿಂದ 2014ರವರೆಗೆ ಹನ್ನೆರಡು ಸಲ ಗೆದ್ದು, 93ರ ವಯಸ್ಸಿನಲ್ಲಿ ಕುರ್ಚಿ ಬಿಟ್ಟರು. ಮೊದಲ ವರ್ಷ ತುಂಬುವ ಮುಂಚೆಯೇ, 1979ರ ನವೆಂಬರ್‌ನಲ್ಲಿ, ಕ್ಲೋರಿನ್ ಮತ್ತು ಪ್ರೊಪೇನ್ ಹೊತ್ತ ಗೂಡ್ಸ್ ರೈಲು ಅವರ ಊರಿನಲ್ಲಿ ಹಳಿ ತಪ್ಪಿ ಉರಿಯಿತು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಗಳಿಂದ ತೆರವು ಮಾಡಿಸಲಾಯಿತು. ಒಬ್ಬರೂ ಸಾಯಲಿಲ್ಲ. ಹೊಸ ಬಡಾವಣೆಯ ರಸ್ತೆ, ಚರಂಡಿ, ಗ್ರಂಥಾಲಯದ ಖರ್ಚಿನಲ್ಲಿ ಪಾಲನ್ನು ಬಡಾವಣೆ ಕಟ್ಟುವವರಿಂದಲೇ ವಸೂಲು ಮಾಡಿ, ನಗರವನ್ನು ಬಹುಕಾಲ ಸಾಲವಿಲ್ಲದೆ ನಡೆಸಿದರು. ಇದರ ಜೊತೆಗೆ ಇನ್ನೊಂದನ್ನೂ ಹೇಳಲೇಬೇಕು: ಮಗನಿಗೆ ಸಂಬಂಧಿಸಿದ ಹೋಟೆಲ್ ಯೋಜನೆಯಲ್ಲಿ ಅವರ ಹಿತಾಸಕ್ತಿಯ ಸಂಘರ್ಷ ಇತ್ತೆಂದು 2011ರ ನ್ಯಾಯಾಂಗ ವಿಚಾರಣಾ ವರದಿ ಹೇಳಿತು.

ಅಲ್ಲಿ ಮೇಯರನ್ನು ಮತದಾರರೇ ನೇರವಾಗಿ ಆರಿಸುತ್ತಾರೆ. ನಮ್ಮಲ್ಲಿ ಕಾರ್ಪೊರೇಟರುಗಳು ಆರಿಸುತ್ತಿದ್ದರು, ನಗರದ ಶಾಸಕರು, ಸಂಸದರಿಗೂ ಅದರಲ್ಲಿ ಮತವಿತ್ತು. 1976ರ ನಗರಪಾಲಿಕೆಗಳ ಕಾಯ್ದೆ ಕೊಟ್ಟದ್ದು ಒಂದೇ ವರ್ಷ. ಮೀಸಲಾತಿಯೂ ಸರದಿಯಂತೆ ಬದಲಾಗುತ್ತಿದ್ದರಿಂದ ಅದೇ ವ್ಯಕ್ತಿ ಮರುವರ್ಷ ನಿಲ್ಲುವುದು ಕಷ್ಟ. ಕಾರ್ಯಾಂಗದ ಅಧಿಕಾರವೆಲ್ಲ ಆಯುಕ್ತರದು.

ಕ್ಯಾಲೆಂಡರ್ ಇಟ್ಟುಕೊಂಡು ನೋಡಿ, ತೊಡಕು ಇನ್ನೂ ಸ್ಪಷ್ಟವಾಗುತ್ತದೆ. 2015ರಲ್ಲಿ ಬಂದ ಕೌನ್ಸಿಲ್‌ನಲ್ಲಿ ಮೇಯರ್ ಚುನಾವಣೆ ನಡೆಯುತ್ತಿದ್ದುದು ಸೆಪ್ಟೆಂಬರ್ ಆಸುಪಾಸು. ಬಜೆಟ್ ವರ್ಷ ಶುರುವಾಗುವುದು ಏಪ್ರಿಲ್‌ಗೆ. ಅಂದರೆ ಮೊದಲ ಆರು ತಿಂಗಳು ಹಿಂದಿನವರ ಬಜೆಟ್ಟಿನಲ್ಲೇ ಕಳೆಯಬೇಕು. ತಮ್ಮ ಕಾಲದ ಬಜೆಟ್ ಜಾರಿಗೆ ಬಂದ ಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಆಗುವಷ್ಟರಲ್ಲಿ ಮಳೆಗಾಲ. ಗುದ್ದಲಿ ಪೂಜೆ ಒಬ್ಬರದು, ಬಿಲ್ಲಿಗೆ ಹೊಣೆ ಮತ್ತೊಬ್ಬರ ಕಾಲದ್ದು. ಅರ್ಧಕ್ಕೆ ನಿಂತ ಕೆಲಸವನ್ನು ಬೆನ್ನು ಹತ್ತುವವರೇ ಇಲ್ಲದಂತಾಗಲು ಇದೇ ದೊಡ್ಡ ಕಾರಣ ಎನ್ನುವುದು ನಮ್ಮ ಅಭಿಪ್ರಾಯ. 2020ರ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಕಾಯ್ದೆ ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಆದರೆ ಆ ವರ್ಷದ ಸೆಪ್ಟೆಂಬರ್‌ನಲ್ಲೇ ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು.

ಪ್ರಶ್ನೆ: ಟೌನ್‌ಹಾಲ್‌ಗೆ ಹೆಸರಿರುವ ಪುಟ್ಟಣ್ಣ ಚೆಟ್ಟಿಯವರು ಬೆಂಗಳೂರಿನ ಮೇಯರ್ ಆಗಿದ್ದರೇ?
– ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಇಲ್ಲ. ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರು 20ನೇ ಶತಮಾನದ ಆರಂಭದಲ್ಲಿ ನಗರದ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದವರು. ಪೇಟೆ ಮತ್ತು ದಂಡು ಪ್ರದೇಶದ ಎರಡು ಮುನಿಸಿಪಾಲಿಟಿಗಳು ಸೇರಿ ಕಾರ್ಪೊರೇಷನ್ ಆದದ್ದು 1949ರಲ್ಲಿ, ಮೇಯರ್ ಹುದ್ದೆ ಬಂದದ್ದೂ ಆಗಲೇ. ಟೌನ್‌ಹಾಲ್ ಕಟ್ಟಡ ಪೂರ್ಣವಾದದ್ದು 1935ರಲ್ಲಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಹಲವು ಅವಧಿ ಕಾರ್ಪೊರೇಟರ್ ಆಗಿದ್ದ ಹಿರಿಯರೊಬ್ಬರ ಸೇವೆಯ ಬಗ್ಗೆ ನಿವಾಸಿಗಳ ಸಂಘದಿಂದ ಚಿಕ್ಕ ಪುಸ್ತಿಕೆ ತರಬೇಕೆಂದಿದ್ದೇವೆ. ಹೊಗಳಿಕೆ ಬೇಡ, ಮಾಡಿದ ಕೆಲಸದ ದಾಖಲೆ ಬೇಕು. ಎಲ್ಲಿಂದ ಶುರು ಮಾಡೋಣ?
– ಸಂಘದ ಕಾರ್ಯದರ್ಶಿ, ಚಾಮರಾಜಪೇಟೆ

ಉತ್ತರ: ಮೊದಲು ವಾರ್ಡ್ ನಂಬರನ್ನು ಪಕ್ಕಕ್ಕಿಡಿ. ಬಿಬಿಎಂಪಿಗೆ ಮುಂಚೆ 100 ವಾರ್ಡ್ ಇದ್ದವು, 2010ರ ಚುನಾವಣೆಗೆ 198 ಆದವು. ಗಡಿ ಸರಿದಾಗ ಅದೇ ನಂಬರ್ ಬೇರೆ ಬಡಾವಣೆಗೆ ಹೋಗಿರುತ್ತದೆ. ರಸ್ತೆ, ಪಾರ್ಕ್, ಶಾಲೆಯ ಹೆಸರು ಹಿಡಿದೇ ಪಟ್ಟಿ ಮಾಡಿ.

ಹಿರಿಯರ ಬಳಿ ಕೂತಾಗ ಇಸವಿ ಕೇಳಬೇಡಿ, ನೆನಪು ತಪ್ಪುತ್ತದೆ. ಆಗ ಮೇಯರ್ ಯಾರು, ಕೆಲಸ ಮಳೆಗಾಲಕ್ಕೆ ಮುಂಚೆಯೋ ಆಮೇಲೋ, ಗುತ್ತಿಗೆದಾರರು ಎಷ್ಟು ಸಲ ಬದಲಾದರು ಎಂದು ಕೇಳಿ. ಇಸವಿ ತಾನೇ ಹೊರಬೀಳುತ್ತದೆ.

ಶಂಕುಸ್ಥಾಪನೆಯ ಕಲ್ಲನ್ನು ಸಾಕ್ಷಿಯೆಂದು ನೆಚ್ಚಬೇಡಿ. ಅದು ಶುರುವಾದದ್ದನ್ನು ಹೇಳುತ್ತದೆ, ಮುಗಿದದ್ದನ್ನಲ್ಲ. ಮುಗಿದದ್ದಕ್ಕೆ ಸಾಕ್ಷಿ ಅಳತೆ ಪುಸ್ತಕ, ಅಂದರೆ ಇಂಜಿನಿಯರುಗಳು ಹೇಳುವ ಎಂ.ಬಿ., ಮತ್ತು ಅಂತಿಮ ಬಿಲ್. ಬಿಬಿಎಂಪಿ ಕಾಲದ ಕೆಲಸವಾದರೆ ಜಾಬ್ ನಂಬರ್ ಸಿಗುತ್ತದೆ: ಮೊದಲ ಮೂರು ಅಂಕಿ ವಾರ್ಡ್, ಮುಂದಿನ ಎರಡು ವರ್ಷ, ಉಳಿದದ್ದು ಕ್ರಮಸಂಖ್ಯೆ. ಆ ಒಂದು ನಂಬರ್ ಕೈಗೆ ಬಂದರೆ ಇಡೀ ಕಡತ ಹುಡುಕಬಹುದು.

ಇವುಗಳ ಪ್ರತಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹಲವು ಅರ್ಜಿಗಳು ತಿರಸ್ಕಾರವಾಗುವುದು ಇಲ್ಲಿಯೇ. ‘ಇವರು ಏನೇನು ಸೇವೆ ಮಾಡಿದರು?’ ಎಂದು ಬರೆದರೆ ಉತ್ತರ ಬರುವುದಿಲ್ಲ, ಏಕೆಂದರೆ ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ಅಭಿಪ್ರಾಯವನ್ನಲ್ಲ. ‘ಇಂಥ ರಸ್ತೆಯ ಚರಂಡಿ ಕಾಮಗಾರಿಯ ಕಾರ್ಯಾದೇಶ ಮತ್ತು ಅಂತಿಮ ಬಿಲ್ಲಿನ ಪ್ರತಿ’ ಎಂದು ಕೇಳಿ. ಇಪ್ಪತ್ತು ವರ್ಷದ್ದನ್ನು ಒಟ್ಟಿಗೆ ಕೇಳಿದರೆ ಸಿಬ್ಬಂದಿಗೆ ಹೊರೆ ಎಂಬ ಕಾರಣ ಮುಂದೆ ಬರುತ್ತದೆ. ಕೆಲಸಕ್ಕೊಂದು ಅರ್ಜಿ ಹಾಕುವುದು ನಿಧಾನವಾದರೂ ಫಲ ಕೊಡುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಕೌನ್ಸಿಲ್ ಸಭೆಯ ನಡಾವಳಿಯನ್ನು ಬಿಡಬೇಡಿ. ಸದಸ್ಯರು ಎತ್ತಿದ ಪ್ರಶ್ನೆ, ತಂದ ನಿರ್ಣಯ, ಯಾವ ಸ್ಥಾಯಿ ಸಮಿತಿಯಲ್ಲಿದ್ದರು ಎಂಬುದು ಅಲ್ಲಿರುತ್ತದೆ. ಸೋತ ನಿರ್ಣಯವನ್ನೂ ಪುಸ್ತಿಕೆಯಲ್ಲಿ ಹಾಕಿ. ಯಾವುದಕ್ಕಾಗಿ ಹೋರಾಡಿದರು ಎಂಬುದು ಅದರಲ್ಲೇ ಕಾಣುವುದು. ಹಳೆಯ ಪತ್ರಿಕೆಗಳಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ.

ಇನ್ನು ‘ಏರಿಯಾಗೆ ಕಾವೇರಿ ನೀರು ತಂದರು’ ಎಂಬ ಮಾತು ಪ್ರತಿ ಪುಸ್ತಿಕೆಯಲ್ಲೂ ಇರುತ್ತದೆ. ನೀರು ಮತ್ತು ಒಳಚರಂಡಿ 1964ರಿಂದ ಜಲಮಂಡಳಿಯ ಕೆಲಸ. ಕಾರ್ಪೊರೇಟರ್ ಒತ್ತಡ ಹಾಕಿರಬಹುದು, ಅದು ದೊಡ್ಡ ಸೇವೆಯೇ, ಆದರೆ ಕಾಮಗಾರಿಯ ಕಡತ ಮಂಡಳಿಯಲ್ಲಿದೆ. ಶಾಸಕರ ನಿಧಿಯಿಂದ ಆದ ಬಸ್ ತಂಗುದಾಣ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಪಾರ್ಕ್ ಕೂಡ ಹೀಗೆಯೇ. ‘ಮಾಡಿಸಿದರು’ ಮತ್ತು ‘ಮಾಡಿಸಲು ಓಡಾಡಿದರು’ ಎಂದು ಎರಡು ಪಟ್ಟಿ ಇಟ್ಟುಕೊಳ್ಳಿ.

ಐದು ಪಾಲಿಕೆಗಳಾದ ಮೇಲೆ ಕಡತ ಯಾವ ಕಚೇರಿಗೆ ಸೇರಿದೆಯೋ ಎಂಬ ಚಿಂತೆಗೆ ಅರ್ಜಿ ತಡಮಾಡಬೇಡಿ. ತಪ್ಪು ಕಚೇರಿಗೆ ಹೋದರೆ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸಿ ನಿಮಗೆ ತಿಳಿಸಬೇಕೆಂದು ಕಾಯ್ದೆಯ 6(3)ನೇ ಸೆಕ್ಷನ್ ಹೇಳುತ್ತದೆ. ಅರ್ಜಿಯ ಕೊನೆಯಲ್ಲಿ ಆ ಸೆಕ್ಷನ್ ನಮೂದಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ.