ಮಂಡಕ್ಕಿ ಭಟ್ಟಿ ಹತ್ತಿರ ಮನೆ ಸಿಕ್ಕಿದೆ, ಅತ್ತೆ ಬೇಡ ಅಂತಾರೆ

ಪ್ರಶ್ನೆ: ನಾವು ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಬಾಡಿಗೆಗಿದ್ದೇವೆ, ತಿಂಗಳಿಗೆ 6,500. ನಮ್ಮ ಯಜಮಾನರು ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು, 20 ಸಾವಿರ ಸಂಬಳ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡ್ತೀನಿ, 12 ಸಾವಿರ ಬರುತ್ತೆ. ಇಬ್ಬರಿಗೂ ಸಂಬಳ ಬ್ಯಾಂಕಿಗೇ ಬರುತ್ತೆ. ಮಗಳು ಮೊದಲ ಪಿಯುಸಿ, ಮಗ ನಾಲ್ಕನೇ ಕ್ಲಾಸು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಂಡಕ್ಕಿ ಹುರಿಯುವ ಭಟ್ಟಿಗಳ ಹತ್ತಿರ ಒಂದು ಗಲ್ಲಿಯಲ್ಲಿ ಎರಡು ರೂಮಿನ ಆರ್‌ಸಿಸಿ ಮನೆ 18 ಲಕ್ಷಕ್ಕೆ ಬಂದಿದೆ. ಕೈಲಿ 6 ಲಕ್ಷ ಇದೆ, ಉಳಿದಿದ್ದಕ್ಕೆ ಸಾಲ ಮಾಡಬೇಕು. ಮಾರುವವರು ಮೂವರು ಅಣ್ಣತಮ್ಮಂದಿರು, ಒಬ್ಬ ಅಕ್ಕ ಹರಿಹರದಲ್ಲಿದ್ದಾರಂತೆ. ಅಪ್ಪ ತೀರಿಕೊಂಡಿದ್ದಾರೆ, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ಆಷಾಢ ಬರೋದರೊಳಗೆ 2 ಲಕ್ಷ ಅಡ್ವಾನ್ಸ್ ಕ್ಯಾಶ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳಿ, ಖಾತೆ ಆಮೇಲೆ ಮಾಡಿಸಿಕೊಡ್ತೀವಿ ಅಂತಾರೆ. ಅತ್ತೆ ಸುತರಾಂ ಒಪ್ಪುತ್ತಿಲ್ಲ. "ಆ ಗಲ್ಲಿಯಲ್ಲಿ ಯಾರ್ಯಾರೋ ಇರ್ತಾರೆ, ನಾಳೆ ಹುಡುಗಿ ನೋಡೋಕೆ ಬಂದವರು ಬಾಗಿಲಿಂದಲೇ ವಾಪಸ್ ಹೋಗ್ತಾರೆ" ಅಂತಾರೆ. ಭಾವ, ಊರ ಹೊರಗೆ ಹೊಸ ಲೇಔಟಿನಲ್ಲಿ ಸೈಟ್ ತಗೊಳ್ಳಿ, ಹೇಳಿಕೊಳ್ಳೋಕಾದರೂ ಚೆನ್ನಾಗಿರುತ್ತೆ ಅಂತಿದ್ದಾರೆ. ಯಜಮಾನರು ಯಾರಿಗೂ ಏನೂ ಹೇಳಲ್ಲ. ಮಗನಿಗೆ ಚಳಿಗಾಲದಲ್ಲಿ ಕೆಮ್ಮು, ಉಬ್ಬಸ ಬರುತ್ತೆ. ನನಗೂ ಅಂಥ ಏರಿಯಾದಲ್ಲಿ ಹೇಗಪ್ಪಾ ಇರೋದು ಅನ್ನಿಸುತ್ತೆ. ಆದರೆ ಬಾಡಿಗೆ ಮನೆ ಸಾಕಾಗಿಹೋಗಿದೆ. ಏನು ಮಾಡಲಿ?

ಉತ್ತರ: ತಂಗೀ, ಆ ಕಡೆ ಮನೆ ತಗೊಳ್ಳಿ. ಆದರೆ ಅವರು ಹೇಳುತ್ತಿರುವ ರೀತಿಯಲ್ಲಿ ಬೇಡ. 2 ಲಕ್ಷ ಕೈಯಿಂದ ಹೋಗುವ ಮೊದಲು ಈ ಪತ್ರ ನಿಮ್ಮ ಯಜಮಾನರಿಗೂ ಓದಿಸಿ.

ನಿಮ್ಮ ಮನೆಯಲ್ಲಿ ಎಲ್ಲರೂ ಏರಿಯಾದ ಹೆಸರಿನ ಬಗ್ಗೆಯೇ ಮಾತಾಡಿದ್ದೀರಿ. ಖಾತೆ ಸತ್ತವರ ಹೆಸರಲ್ಲಿದೆ ಅನ್ನೋದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಮಗನ ಉಬ್ಬಸವನ್ನು ಕೊನೆಗೆ ನೆನಪಾಗಿ ಬರೆದಿದ್ದೀರಿ. ನನಗೆ ನಿದ್ದೆ ಕೆಡಿಸುವ ವಿಷಯ ಇವೆರಡೇ.

ಮೊದಲು ಕಾಗದಪತ್ರ. ಮನೆ ತಂದೆಯದ್ದು, ಅವರು ತೀರಿಕೊಂಡಿದ್ದಾರೆ ಅಂದಮೇಲೆ ಆ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. ಹಿಂದೂ ಕಾನೂನಿನಲ್ಲೂ ಇದೆ, ಮುಸ್ಲಿಂ ಕಾನೂನಿನಲ್ಲೂ ಇದೆ, ಎಷ್ಟು ಪಾಲು ಅನ್ನೋದು ಮಾತ್ರ ಬೇರೆ. ತಾಯಿ ಬದುಕಿದ್ದರೆ ಅವರಿಗೂ ಇದೆ. ಮೂವರು ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಕೊಟ್ಟರೆ, ಹರಿಹರದ ಅಕ್ಕ ನಾಳೆ ನನ್ನ ಪಾಲು ನನಗೆ ಬೇಕು ಅಂತ ಕೋರ್ಟಿಗೆ ಹೋಗಬಹುದು. ಅದು ಅವರ ಹಕ್ಕು, ಅವರನ್ನು ಬೈಯುವ ಹಾಗೂ ಇಲ್ಲ. ಆದರೆ ಆ ಕೇಸಿನಲ್ಲಿ ಅಲೆಯುವವರು ನೀವು. "ಅಕ್ಕ ಏನೂ ಅನ್ನಲ್ಲ, ತವರಿಗೆ ಬಿಟ್ಟುಕೊಟ್ಟಿದ್ದಾಳೆ" ಅಂತ ಅವರು ಹೇಳಬಹುದು. ಹಾಗಿದ್ದರೆ ಬಂದು ಸಹಿ ಹಾಕಲಿ. ದಾವಣಗೆರೆಗೂ ಹರಿಹರಕ್ಕೂ ಎಷ್ಟು ದೂರ, ಬಸ್ಸಿಗೆ ಕೂತರೆ ಬಂದಾಯಿತು. ಆ ಅಕ್ಕನನ್ನು ನೀವೇ ಹೋಗಿ ಕಂಡು ಮಾತಾಡಿಸಿದರೆ ಇನ್ನೂ ಒಳ್ಳೇದು. ಅಣ್ಣತಮ್ಮಂದಿರ ಬಾಯಲ್ಲಿ ಕೇಳೋದಕ್ಕೂ ಅವರ ಬಾಯಲ್ಲೇ ಕೇಳೋದಕ್ಕೂ ವ್ಯತ್ಯಾಸ ಇರುತ್ತೆ.

"ಖಾತೆ ಆಮೇಲೆ" ಅನ್ನೋ ಮಾತನ್ನು ಒಪ್ಪಲೇಬೇಡಿ. 2024ರ ಅಕ್ಟೋಬರ್‌ನಿಂದ ಇ-ಖಾತೆ, ಅಂದರೆ ಪಾಲಿಕೆಯ ಕಂಪ್ಯೂಟರ್ ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಅವರು ತಂದೆಯ ಮರಣ ಪತ್ರ, ವಂಶವೃಕ್ಷ ಎಲ್ಲ ಕೊಟ್ಟು, ವಾರಸುದಾರರ ಹೆಸರಿಗೆ ಖಾತೆ ಮಾಡಿಸಿ, ಮಹಾನಗರ ಪಾಲಿಕೆಯಿಂದ ಇ-ಖಾತೆ ತಗೊಂಡ ಮೇಲೇ ನಿಮಗೆ ಮಾರಲು ಸಾಧ್ಯ. ಆ ಓಡಾಟ ಅವರದ್ದು, ಖರ್ಚೂ ಅವರದ್ದು. ಬರೀ ಅಗ್ರಿಮೆಂಟ್‌ನಿಂದ ಮನೆ ನಿಮ್ಮದಾಗುವುದಿಲ್ಲ. ಜಿಪಿಎ (ಅಧಿಕಾರ ಪತ್ರ) ಮೇಲೆ ಕೊಡ್ತೀವಿ ಅಂತ ಬಂದರೆ ಅದೂ ಬೇಡ, ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಇ-ಖಾತೆ ಬಂದಾಗ ಅದು ಎ ಖಾತೆಯೋ ಬಿ ಖಾತೆಯೋ ನೋಡಿ. ಬಿ ಖಾತೆ ಅಂದರೆ ತೆರಿಗೆ ಕಟ್ಟಿಸಿಕೊಳ್ಳೋಕೆ ಪಾಲಿಕೆ ಇಟ್ಟುಕೊಂಡ ಲೆಕ್ಕ. ಬಡಾವಣೆಗೆ ಅನುಮೋದನೆ ಇದೆ ಅಂತ ಅರ್ಥ ಅಲ್ಲ, ಬ್ಯಾಂಕುಗಳು ಅದರ ಮೇಲೆ ಸಾಲ ಕೊಡೋಕೆ ಹಿಂದೆಮುಂದೆ ನೋಡುತ್ತವೆ. ಇನ್ನೊಂದು ಮಾತು. ಇಂಥ ಹಳೇ ಗಲ್ಲಿಗಳಲ್ಲಿ ಕೆಲವು ಮನೆಗಳು ಕೊಳಗೇರಿ ಮಂಡಳಿಯಿಂದಲೋ ಆಶ್ರಯ ಯೋಜನೆಯಲ್ಲೋ ಹಕ್ಕುಪತ್ರದ ಮೇಲೆ ಬಂದಿರುತ್ತವೆ. ಅಂಥದ್ದನ್ನು ಮಾರೋದಕ್ಕೆ ಷರತ್ತು ಇರುತ್ತೆ. ಅದಕ್ಕೇ ಆ ತಂದೆಗೆ ಮನೆ ಎಲ್ಲಿಂದ ಬಂತು ಅನ್ನೋ ಮೂಲಪತ್ರ ಕೇಳಿ. ಜೆರಾಕ್ಸ್ ತೋರಿಸಿದರೆ ಅಸಲು ಎಲ್ಲಿದೆ ಅಂತ ಕೇಳಿ. ಅಸಲು ಯಾರ ಹತ್ತಿರವೋ ಅಡ ಇದ್ದರೆ ಅಲ್ಲೇ ಗೊತ್ತಾಗುತ್ತೆ.

ಇಸಿ, ಅಂದರೆ ಋಣಭಾರ ಪತ್ರವನ್ನು 30 ವರ್ಷದ್ದು ತೆಗೆಸಿ. 2004ರಿಂದ ಈಚೆಯದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತೆ, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು. ಇಸಿಯಲ್ಲಿ ಬರೋದು ನೋಂದಣಿ ಆದ ವ್ಯವಹಾರ ಮಾತ್ರ. ನೋಂದಣಿ ಆಗದ ಅಗ್ರಿಮೆಂಟು ಅದರಲ್ಲಿ ಕಾಣಿಸುವುದಿಲ್ಲ, ಅದನ್ನು ಅಕ್ಕಪಕ್ಕದವರಲ್ಲೇ ಕೇಳಬೇಕು. ನಿಮ್ಮ ಹಾಗೇ ಇನ್ಯಾರೋ ಹಿಂದಿನ ವರ್ಷ ಅಡ್ವಾನ್ಸ್ ಕೊಟ್ಟು ಕಾದಿದ್ದರೆ ಗಲ್ಲಿಗೆಲ್ಲ ಗೊತ್ತಿರುತ್ತೆ.

ವಕೀಲರಿಗೆ ದುಡ್ಡೆಲ್ಲಿ ಅಂತ ಯೋಚನೆ ಬೇಡ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಾಗದ ಹಿಡಿದುಕೊಂಡು ನೀವೇ ಹೋಗಿ. ಆಮೇಲೆ ಬ್ಯಾಂಕಿಗೆ. ಬ್ಯಾಂಕಿನ ವಕೀಲರು ಈ ಕಾಗದ ಸರಿಯಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಕೈಸಾಲ ಮಾಡಿಯಾದರೂ ತಗೊಳ್ಳೋಣ ಅಂತ ಹಟಕ್ಕೂ ಬೀಳಬೇಡಿ. ಬ್ಯಾಂಕ್ ತನ್ನ ದುಡ್ಡು ಹಾಕೋಕೆ ಹೆದರುವ ಮನೆಗೆ ನೀವು ನಿಮ್ಮ 6 ಲಕ್ಷ ಹಾಕೋದು ಬೇಡ.

ಅಡ್ವಾನ್ಸನ್ನು ಕ್ಯಾಶ್‌ನಲ್ಲಿ ಕೇಳಿದ್ದಾರಲ್ವಾ? ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ತಗೊಂಡರೆ, ತಗೊಂಡವರಿಗೆ ಆದಾಯ ತೆರಿಗೆ ಇಲಾಖೆ ಅಷ್ಟೇ ಮೊತ್ತದ ದಂಡ ಹಾಕಬಹುದು. ಇದನ್ನು ಅವರಿಗೇ ನಯವಾಗಿ ಹೇಳಿ. ಕಾಗದ ಎಲ್ಲ ನೋಡಿದ ಮೇಲೆ, ಅಕ್ಕನೂ ಸೇರಿ ಎಲ್ಲರೂ ಸಹಿ ಹಾಕಿದ ಅಗ್ರಿಮೆಂಟ್ ಮಾಡಿಸಿ, ಅದನ್ನು ನೋಂದಣಿಯೂ ಮಾಡಿಸಿ, ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಪತ್ರದಲ್ಲಿ ಬೆಲೆ ಕಮ್ಮಿ ತೋರಿಸೋಣ ಅಂದರೆ ಅದೂ ಬೇಡ. ತೋರಿಸಿದ ಬೆಲೆ ಕಮ್ಮಿಯಾದರೆ ನಿಮಗೆ ಸಿಗುವ ಸಾಲವೂ ಕಮ್ಮಿಯಾಗುತ್ತೆ.

ದುಡ್ಡಿನ ಲೆಕ್ಕ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದಿದ್ದು ಶೇ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಶೇ 7.6. 18 ಲಕ್ಷಕ್ಕೆ 1,36,800 ಬರೀ ನೋಂದಣಿಗೇ ಹೋಗುತ್ತೆ. ಇದಕ್ಕೆ ಸಾಮಾನ್ಯವಾಗಿ ಸಾಲ ಸಿಗಲ್ಲ, ಕೈಯಿಂದಲೇ ಹಾಕಬೇಕು. ಅದಕ್ಕೆ 17 ಲಕ್ಷಕ್ಕೆ ಕೇಳಿ. ಖಾತೆಯೇ ಆಗದ ಮನೆಗೆ ಚೌಕಾಸಿ ಮಾಡೋಕೆ ಸಂಕೋಚ ಯಾಕೆ? 17ಕ್ಕೆ ಬಂದರೆ ನೋಂದಣಿ 1,29,200. 13 ಲಕ್ಷ ಸಾಲ ಮಾಡಿದರೆ ನಿಮ್ಮ 6 ಲಕ್ಷದಲ್ಲಿ 70 ಸಾವಿರ ಉಳಿಯುತ್ತೆ. ಅದನ್ನು ಸುಣ್ಣಬಣ್ಣಕ್ಕೆ ಖರ್ಚು ಮಾಡಬೇಡಿ, ಆಪತ್ತಿಗೆ ಇರಲಿ. ಬಡ್ಡಿ ಶೇ 8.5, ಅವಧಿ 20 ವರ್ಷ ಅಂತ ಇಟ್ಟುಕೊಂಡರೆ ಕಂತು ತಿಂಗಳಿಗೆ 11,280ರ ಆಸುಪಾಸು. ನಿಮ್ಮಿಬ್ಬರ 32 ಸಾವಿರದಲ್ಲಿ ಉಳಿಯೋದು 20 ಸಾವಿರ ಚಿಲ್ಲರೆ. ಇಬ್ಬರು ಮಕ್ಕಳ ಓದು, ಅತ್ತೆಯವರ ಔಷಧಿ, ದಿನಸಿ ಎಲ್ಲ ಅದರಲ್ಲೇ. ಕಷ್ಟವೇ, ಆದರೆ ಆಗುವಂಥದ್ದು. ಒಂದು ಕೆಲಸ ಮಾಡಿ. ಕಾಗದ ಸರಿಯಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲಿಯವರೆಗೆ ಪ್ರತಿ ತಿಂಗಳು ಬಾಡಿಗೆ ಕೊಟ್ಟ ದಿನವೇ ಇನ್ನೂ 4,800 ಬೇರೆ ಬ್ಯಾಂಕ್ ಖಾತೆಗೆ ಹಾಕಿ. ಹಾಕೋಕೆ ಆದರೆ ಕಂತನ್ನೂ ಕಟ್ಟೋಕೆ ಆಗುತ್ತೆ.

ಪ್ರಧಾನಮಂತ್ರಿ ಆವಾಸ್ ನಗರ 2.0 ಯೋಜನೆಯಲ್ಲಿ ಬಡ್ಡಿ ಸಹಾಯಧನ ಇದೆ. ವರ್ಷಕ್ಕೆ 9 ಲಕ್ಷದೊಳಗೆ ಆದಾಯ ಇದ್ದು, ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇಲ್ಲದವರಿಗೆ, 35 ಲಕ್ಷದೊಳಗಿನ ಮನೆಗೆ, ಒಟ್ಟು 1.80 ಲಕ್ಷದವರೆಗೆ ಸಿಗುತ್ತೆ. ಸಾಲದ ಅರ್ಜಿ ಹಾಕುವಾಗಲೇ ಬ್ಯಾಂಕಿನಲ್ಲಿ ಕೇಳಿ. ಮನೆ ನಿಮ್ಮಿಬ್ಬರ ಹೆಸರಲ್ಲೂ ಇರಲಿ. ನಿಮ್ಮ 12 ಸಾವಿರ ಸೇರಿಸಿದರೇ ತಾನೆ ಇಷ್ಟು ಸಾಲ ಸಿಗೋದು? ಹಾಗಿದ್ದಮೇಲೆ ಕ್ರಯಪತ್ರದಲ್ಲೂ ನಿಮ್ಮ ಹೆಸರು ಬರಬೇಕು. ಈ ಒಂದು ವಿಷಯದಲ್ಲಿ ನೀವು ಯಾರಿಗೂ ಸೋಲಬೇಡಿ.

ಇನ್ನು ಹೊಗೆ. ಭಟ್ಟಿಯಲ್ಲಿ ಮರಳು ಕಾದು ಅಕ್ಕಿ ಅರಳಬೇಕಾದರೆ ಒಲೆ ಧಗಧಗ ಉರಿಯಲೇಬೇಕು. ಭತ್ತದ ಹೊಟ್ಟು ಉರಿದ ಬೂದಿ, ಮಸಿ ಗಾಳಿಯಲ್ಲಿ ಬರುತ್ತೆ. ನೀವು ಮನೆ ನೋಡೋಕೆ ಹೋಗಿದ್ದು ಭಾನುವಾರ ಮಧ್ಯಾಹ್ನ ಇರಬೇಕು, ಎಲ್ಲರೂ ಹಾಗೇ ಹೋಗೋದು. ಭಟ್ಟಿ ಉರಿಯುವ ಹೊತ್ತು ಕೇಳಿಕೊಂಡು ಆಗ ಹೋಗಿ. ಕಿಟಕಿ ಸರಳಿನ ಮೇಲೆ ಬೆರಳು ಎಳೆದು ನೋಡಿ. ಪಕ್ಕದ ಮನೆ ಹೆಂಗಸರು ಬಟ್ಟೆಯನ್ನು ಮಾಳಿಗೆ ಮೇಲೆ ಒಣಗಿಸ್ತಾರಾ ಅಥವಾ ಒಳಗೆ ಹಗ್ಗ ಕಟ್ಟಿದ್ದಾರಾ ನೋಡಿ. ಬಿಳಿ ಯೂನಿಫಾರಂ ಹೊರಗೆ ಒಣಗುತ್ತಿದ್ದರೆ ಆ ಮನೆಗೆ ಮಸಿ ಬರಲ್ಲ ಅಂತ ತಿಳಿಯಬಹುದು. ಉಬ್ಬಸದ ಮಗುವಿಗೆ ಭಟ್ಟಿಯ ಪಕ್ಕದ ಮನೆ ಬೇಡವೇ ಬೇಡ, ಅದು ಅರ್ಧ ಬೆಲೆಗೆ ಬಂದರೂ ಬೇಡ. ನಾಲ್ಕು ಗಲ್ಲಿ ಆಚೆ, ಗಾಳಿ ಆ ಕಡೆ ಬೀಸದ ಜಾಗ ಆದರೆ ಮಾತು ಬೇರೆ. ಮಗನನ್ನು ನೋಡುವ ಡಾಕ್ಟರಿಗೆ ಮನೆ ಎಲ್ಲಿ ಅಂತ ಹೇಳಿ ಒಂದು ಮಾತು ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ, ಜೋರು ಮಳೆ ಬಂದರೆ ಚರಂಡಿ ಎಲ್ಲಿ ತುಂಬುತ್ತೆ ಅನ್ನೋದನ್ನೂ ಆ ಹೆಂಗಸರ ಹತ್ತಿರವೇ ಕೇಳಿ.

ಅತ್ತೆಯವರ ಮಾತಿಗೆ ಬರ್ತೀನಿ. "ಯಾರ್ಯಾರೋ" ಅಂದರೆ ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬೇರೆ ಜಾತಿಯವರು, ಬೇರೆ ಧರ್ಮದವರು, ಕೂಲಿ ಮಾಡುವವರು. ಈ ಊರು ನಿಂತಿದ್ದೇ ಅಂಥವರ ದುಡಿಮೆಯ ಮೇಲೆ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಗಿರಣಿ ಕಾರ್ಮಿಕರ ನಾಯಕ ಪಂಪಾಪತಿ ಇದೇ ಊರಿನಿಂದ ಶಾಸಕರಾಗಿದ್ದರು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿನ್ನದ ಮನೆ ಇಲ್ಲಿ ಯಾವುದಿದೆ? ಆ ಮಂಡಕ್ಕಿ ಹುರಿಯುವವರ ಪಕ್ಕ ಇರೋಕೆ ಯಾಕೆ ನಾಚಿಕೆ? ಇದನ್ನು ನಿಮಗೂ ಹೇಳ್ತಿದ್ದೀನಿ ತಂಗೀ, "ಅಂಥ ಏರಿಯಾ" ಅಂತ ಬರೆದಿದ್ದು ಅತ್ತೆಯಲ್ಲ, ನೀವು. ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವ ನೀವೂ, ಭಟ್ಟಿ ಮುಂದೆ ನಿಂತು ಬೆವರುವ ಆ ಹೆಣ್ಣುಮಗಳೂ ಒಂದೇ ಸಾಲಿನವರು.

ಹಾಗಂತ ಅತ್ತೆಯವರ ಮೇಲೆ ಕೋಪ ಬೇಡ. ಈ ವಯಸ್ಸಿನಲ್ಲಿ ಗುರುತು ಪರಿಚಯ ಇಲ್ಲದ ಗಲ್ಲಿಗೆ ಹೋಗೋದು ಅಂದರೆ ಹೆದರಿಕೆ ಇರುತ್ತೆ. ಅವರನ್ನು ಕರೆದುಕೊಂಡು ಹೋಗಿ ಮನೆ ತೋರಿಸಿ, ಪಕ್ಕದ ಮನೆಯವರ ಹತ್ತಿರ ಕೂರಿಸಿ ಮಾತಾಡಿಸಿ. ಹೇಳಬೇಕಾದವರು ನಿಮ್ಮ ಯಜಮಾನರು. ಅವರು ಸುಮ್ನೆ ಕೂತರೆ ಸೊಸೆ ಹಟ ಮಾಡಿ ಮನೆ ತಗೊಂಡಳು ಅಂತ ಆಗುತ್ತೆ. ಇದು ನಮ್ಮಿಬ್ಬರ ತೀರ್ಮಾನ ಅಂತ ಅವರ ಬಾಯಿಂದಲೇ ಬರಲಿ.

ಮಗಳ ಮದುವೆ ಮಾತು ಎತ್ತಿದವರು ಯಾರೂ ಮಗಳನ್ನೇ ಕೇಳಿಲ್ಲ. ಅವಳನ್ನು ಕರೆದುಕೊಂಡು ಟ್ಯೂಷನ್ ಬಿಡುವ ಹೊತ್ತಿಗೆ, ಕತ್ತಲಾದ ಮೇಲೆ, ಬಸ್ ಸ್ಟಾಪಿನಿಂದ ಆ ಮನೆವರೆಗೆ ನಡೆದು ನೋಡಿ. ಬೀದಿದೀಪ ಉರಿಯುತ್ತಾ? ಅಂಗಡಿ ತೆರೆದಿರುತ್ತಾ? ನಿನಗೆ ಹೇಗನ್ನಿಸಿತು ಅಂತ ಕೇಳಿ. ಅವಳಿಗೆ ಹೆದರಿಕೆ ಆದರೆ ಅದನ್ನು ನಾನು ಲೆಕ್ಕಕ್ಕೆ ತಗೊಳ್ತೀನಿ. ಇನ್ನೂ ಇಲ್ಲವೇ ಇಲ್ಲದ ಬೀಗರ ಅಭಿಪ್ರಾಯವನ್ನು ತಗೊಳ್ಳಲ್ಲ.

ಭಾವ ಹೇಳುವ ಸೈಟಿಗೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ, ಅಲಿನೇಷನ್ (ಕೃಷಿ ಭೂಮಿ ಪರಿವರ್ತನೆ), ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ಇದೆಯಾ ಕೇಳಿ. ಎಲ್ಲ ಇದ್ದರೂ ನಿಮ್ಮ ಲೆಕ್ಕಕ್ಕೆ ಅದು ಹೊಂದಲ್ಲ. ಸೈಟಿನ ಕಂತನ್ನೂ ಕಟ್ಟಿ, ಬಾಡಿಗೆಯನ್ನೂ ಕಟ್ಟಿ, ಮನೆ ಕಟ್ಟೋಕೆ ದುಡ್ಡು ಯಾವಾಗ ಕೂಡಿಸ್ತೀರಿ?

ಆ ಮನೆಗೆ ಭಟ್ಟಿ ಹೊಗೆ ಬರಲ್ಲ ಅಂತ ಖಾತ್ರಿಯಾದರೆ ಮಾರುವವರಿಗೆ ಹೇಳಬೇಕಾದ್ದು ಇಷ್ಟೇ: "ನಾವು ತಗೊಳ್ತೀವಿ, ಇ-ಖಾತೆ ಮಾಡಿಸಿ, ಅಕ್ಕನನ್ನು ಕರೆತನ್ನಿ, ಆಷಾಢ ಕಳೆದು ಶ್ರಾವಣ ಬಂದರೂ ಪರವಾಗಿಲ್ಲ." ಬೇರೆಯವರು ಬಂದಿದ್ದಾರೆ, ಕೊಟ್ಟುಬಿಡ್ತೀವಿ ಅಂತ ಹೆದರಿಸಿದರೆ ಕೊಡಲಿ ಬಿಡಿ. ಅದೇ ಕಡೆ ಇನ್ನೊಂದು ಮನೆ ಬರುತ್ತೆ. ಭಟ್ಟಿಯಿಂದ ಸ್ವಲ್ಪ ದೂರ ಇರುವಂಥದ್ದು ಈಗಿನಿಂದಲೇ ವಿಚಾರಿಸುತ್ತಿರಿ.