ಗುಳ್ಳೆ ಮೇಲೆ ಪುಟ್ಟಿ ಮೆತ್ತಿದರೆ ಬಾಳಿಕೆ ಒಂದೇ ಮಳೆಗಾಲ

ಜೂನ್ ಹತ್ತಿರ ಬಂತೆಂದರೆ ಬೆಂಗಳೂರಿನ ಒಂದೊಂದು ಬಡಾವಣೆಯಿಂದಲೂ ಅದೇ ಪ್ರಶ್ನೆ ಬರುತ್ತದೆ: "ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ, ಪೇಂಟ್ ಉಬ್ಬಿದೆ, ಏನು ಹಚ್ಚಲಿ?" ಹಚ್ಚುವುದು ಕೊನೆಯ ಕೆಲಸ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಪೂರ್ತಿ ಉತ್ತರ, ಉಳಿದವಕ್ಕೆ ಅವುಗಳ ಯೋಗ್ಯತೆಗೆ ತಕ್ಕಷ್ಟು.

2014ರ ಹ್ಯಾಚ್‌ಬ್ಯಾಕ್, ನಾನು ಮೂರನೇ ಓನರ್. ತಗೊಂಡಾಗ ಬಾಡಿ ಕನ್ನಡಿ ಹಾಗಿತ್ತು. ಐದೇ ತಿಂಗಳಿಗೆ ಎಡಗಡೆ ಹಿಂದಿನ ಚಕ್ರದ ಕಮಾನಿನಲ್ಲಿ ಕಡಲೆಕಾಳಿನಷ್ಟು ನಾಲ್ಕು ಗುಳ್ಳೆ ಎದ್ದಿವೆ, ಡೋರಿನ ಕೆಳ ಅಂಚಿನಲ್ಲೂ ಒಂದಿದೆ. ಮನೆ ಹತ್ತಿರದ ಟಿಂಕರಿಂಗ್ ಶಾಪಿನವರು "ಕೆರೆದು ಪುಟ್ಟಿ ಹಾಕಿ ಟಚಪ್ ಮಾಡ್ತೀನಿ, ಸಂಜೆ ಬನ್ನಿ" ಅಂದರು. ಮಾಡಿಸಲೇ? — ಓದುಗರು, ನಾಗರಭಾವಿ

ಬೇಡ. ತುಕ್ಕಿನ ಕೆಲಸ ಸಂಜೆಯೊಳಗೆ ಮುಗಿಯುವಂಥದ್ದಲ್ಲ. ಮುಗಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಇನ್ನೂ ದೊಡ್ಡ ಗುಳ್ಳೆ ಏಳುತ್ತದೆ. ಅಷ್ಟು ಹಳೆಯ ಕಾರು ಕನ್ನಡಿ ಹಾಗಿತ್ತು ಅಂದಾಗಲೇ ನಿಮಗೆ ಅನುಮಾನ ಬರಬೇಕಿತ್ತು. ನಿಮಗೆ ಮಾರುವ ಮುಂಚೆ ಇದೇ "ಸಂಜೆ ಬನ್ನಿ" ಕೆಲಸ ಒಂದು ಸಲ ಆಗಿರುವ ಹಾಗೆ ಕಾಣುತ್ತದೆ.

ಮೊದಲು ಅದು ಯಾವ ಗುಳ್ಳೆ ಅಂತ ನೋಡಿ. ಒಂದನ್ನು ಸೂಜಿಯಿಂದ ಚುಚ್ಚಿ, ಉಗುರಿನಿಂದ ಸಿಪ್ಪೆ ಎತ್ತಿ. ಕೆಳಗೆ ಪ್ರೈಮರ್ (ಬಣ್ಣದ ಅಡಿಯ ಮೊದಲ ಲೇಪ) ಸ್ವಚ್ಛವಾಗಿದ್ದು, ಬರೀ ತೇವವಿದ್ದರೆ ಅಥವಾ ಟೊಳ್ಳಾಗಿದ್ದರೆ ತಪ್ಪು ಪೇಂಟ್ ಹೊಡೆದವನದು: ಕಂಪ್ರೆಸರ್ ಗಾಳಿಯಲ್ಲಿ ನೀರಿತ್ತು, ಪುಟ್ಟಿ ಒಣಗಿರಲಿಲ್ಲ, ಇಲ್ಲವೇ ಬೆವರುಗೈಯಲ್ಲಿ ತಗಡು ಮುಟ್ಟಿದ್ದಾರೆ. ಕಂದು ಪುಡಿ ಉದುರಿದರೆ ತುಕ್ಕು. ನಿಮ್ಮ ಗುಳ್ಳೆಗಳು ಎದ್ದ ಜಾಗ ನೋಡಿದರೆ ಇದು ಎರಡನೆಯದೇ.

ಚಕ್ರದ ಕಮಾನಿನಲ್ಲಿ ಹೊರತಗಡಿನ ಅಂಚನ್ನು ಒಳಕ್ಕೆ ಮಡಚಿ ಒಳತಗಡಿಗೆ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಆ ಮಡಿಕೆಯಲ್ಲಿ ಕೆಸರು ಕೂರುತ್ತದೆ. ಅಗೆದು ಬಿಟ್ಟ ರಸ್ತೆಗಳ ಕೆಮ್ಮಣ್ಣು ಒದ್ದೆಯಾಗಿ ಅಲ್ಲಿ ಮೆತ್ತಿಕೊಂಡರೆ, ಮಳೆ ನಿಂತು ವಾರವಾದರೂ ಒಳಗಿನ ಪಸೆ ಆರುವುದಿಲ್ಲ. ಡೋರಿನ ಕಥೆಯೂ ಇದೇ. ಗಾಜಿನ ಮೇಲೆ ಹರಿದ ನೀರು ಡೋರಿನ ಒಳಗೇ ಇಳಿದು, ತಳದ ಸೀಳುಗಳಿಂದ ಹೊರಹೋಗುವ ಹಾಗೆ ಅದನ್ನು ಮಾಡಿರುತ್ತಾರೆ. ಸೀಳು ಮುಚ್ಚಿದರೆ ನೀರು ನಿಲ್ಲುತ್ತದೆ. ಕಬ್ಬಿಣ ತುಕ್ಕಾದಾಗ ತಾನಿದ್ದದ್ದಕ್ಕಿಂತ ಹಲವು ಪಟ್ಟು ಜಾಗ ಹಿಡಿಯುವುದರಿಂದ ಪೇಂಟನ್ನು ಒಳಗಿನಿಂದ ಎಬ್ಬಿಸುತ್ತದೆ. ಅಂದರೆ ಹೊರಗೆ ಕಡಲೆಕಾಳು ಕಂಡರೆ ಹಿಂದೆ ಐದು ರೂಪಾಯಿ ನಾಣ್ಯದಷ್ಟಾದರೂ ತಿಂದಿದೆ ಅಂತಲೇ ಲೆಕ್ಕ ಹಾಕಿ.

ಎಷ್ಟು ತಿಂದಿದೆ ಅಂತ ತಿಳಿಯಲು ಮೂರು ಪರೀಕ್ಷೆ. ಚಿಕ್ಕ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಎಡ ಕಮಾನಿಗೂ ಬಲ ಕಮಾನಿಗೂ ಹಿಡಿದು ನೋಡಿ. ಎಡಗಡೆ ಜಾರಿದರೆ ಅಲ್ಲಿ ದಪ್ಪ ಪುಟ್ಟಿ ಇದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, 300 ಬಂದರೆ ಮತ್ತೆ ಪೇಂಟ್ ಆಗಿದೆ, 1,000 ದಾಟಿದರೆ ಪುಟ್ಟಿ. ಮೂರನೆಯದು ಮುಖ್ಯ. ಚಕ್ರ ಬಿಚ್ಚಿ, ಕಮಾನಿನ ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದು, ಕೆಸರು ತೊಳೆದು, ಒಳಗಿನಿಂದ ಸ್ಕ್ರೂಡ್ರೈವರ್ ತುದಿಯಲ್ಲಿ ಗಟ್ಟಿಯಾಗಿ ಒತ್ತಿ. ಒಳ್ಳೆಯ ತಗಡು ಅಲ್ಲಾಡುವುದಿಲ್ಲ. ಹಪ್ಪಳದ ಹಾಗೆ ಚಟಚಟ ಅಂದರೆ ಅಲ್ಲಿ ತಗಡು ಹೋಗಿದೆ.

ತೂತಿದ್ದರೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಫೈಬರ್ ಮ್ಯಾಟ್, ಎಂ-ಸೀಲ್, ಜಾಲರಿ ಮೇಲೆ ಪುಟ್ಟಿ ಎಲ್ಲ ಮೋಸ. ಬಾಡಿ ತಗಡು ಹೆಚ್ಚುಕಡಿಮೆ 0.7–0.8 ಮಿ.ಮೀ. ಇರುತ್ತದೆ. ಅದಕ್ಕೆ ಮಿಗ್ ವೆಲ್ಡಿಂಗ್ (ತೆಳು ತಂತಿ ಕರಗಿಸುವ ವಿದ್ಯುತ್ ಬೆಸುಗೆ) ಬೇಕು, ಅದೂ ಚುಕ್ಕಿ ಚುಕ್ಕಿಯಾಗಿ, ಬಿಸಿ ಆರಲು ಬಿಟ್ಟು ಬಿಟ್ಟು. ಗ್ಯಾಸ್ ವೆಲ್ಡಿಂಗ್ ಮಾಡಿದರೆ ತಗಡು ಸೊಟ್ಟಗಾಗುತ್ತದೆ, ಸುತ್ತಲಿನ ಪೇಂಟೂ ಹಿಂದಿನಿಂದ ಸುಡುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿರಲಿ. ಪೆಟ್ರೋಲ್ ಮುಚ್ಚಳ ಅದೇ ಪಕ್ಕದಲ್ಲಿದ್ದರೆ ಟ್ಯಾಂಕಿಗೆ ಹೋಗುವ ಪೈಪು ಕಮಾನಿನ ಹಿಂದೆಯೇ ಇರುತ್ತದೆ. ಅದನ್ನು ಕಳಚದೆ ಕಿಡಿ ಹಾರಿಸಲು ಹೊರಟವರಿಂದ ಕಾರು ವಾಪಸ್ ತನ್ನಿ.

ತೂತಿಲ್ಲದಿದ್ದರೆ ಕೆಲಸ ಹೀಗೆ. ಗುಳ್ಳೆಯ ಸುತ್ತ ಎರಡು ಮೂರು ಇಂಚು ಹೆಚ್ಚಾಗಿಯೇ ಪೇಂಟ್ ತೆಗೆಸಿ. ಕಂದು ಬಣ್ಣ ಪೇಂಟಿನ ಅಂಚಿನ ಅಡಿಗೆ ನುಸುಳಿ ಹೋಗುತ್ತಿದ್ದರೆ ಇನ್ನೂ ಮುಂದೆ ಹೋಗಿ, ತಗಡು ಬೆಳ್ಳಗೆ ಹೊಳೆಯುವವರೆಗೆ. ಪೇಂಟ್ ಕೆರೆಯುವ ಸ್ಟ್ರಿಪ್ಪಿಂಗ್ ಡಿಸ್ಕ್ ಇದ್ದರೆ ಒಳ್ಳೆಯದು. ಒರಟು ಗ್ರೈಂಡಿಂಗ್ ಕಲ್ಲು ತಗಡನ್ನೇ ತೆಳ್ಳಗೆ ಮಾಡುತ್ತದೆ. ಆಮೇಲೂ ಸಾಸಿವೆಯಷ್ಟು ಕಪ್ಪು ಚುಕ್ಕಿಗಳು ಉಳಿಯುತ್ತವೆ. ಅವೇ ಬೀಜ. ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗದಂತೆ ನೋಡಿಕೊಂಡು, ಬ್ರಷ್‌ನಲ್ಲಿ ಉಜ್ಜಿ, ನೀರಲ್ಲಿ ಚೆನ್ನಾಗಿ ತೊಳೆದು, ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಬೇಕು. ತೊಳೆಯುವುದನ್ನು ತಪ್ಪಿಸಿದರೆ ಉಳಿದ ಆಸಿಡ್ ಮೇಲೆ, ಮುಂದೆ ಹೊಡೆಯುವ ಎಪಾಕ್ಸಿ ಪ್ರೈಮರ್ ಕಚ್ಚಿಕೊಳ್ಳದೆ ಹಾಳೆ ಹಾಳೆಯಾಗಿ ಏಳುತ್ತದೆ. ಒಣಗಿದ ಮೇಲೆ ಗ್ರೀಸ್ ರಿಮೂವರ್‌ನಲ್ಲಿ ಒರೆಸಲಿ, ಒಗೆದ ಬಟ್ಟೆಯಲ್ಲಿ. ಎಂಜಿನ್ ಒರೆಸಿದ ಬನಿಯನ್ ವೇಸ್ಟ್‌ನಲ್ಲಲ್ಲ.

ಬೆಳ್ಳಗಿನ ತಗಡಿಗೆ ಮೊದಲು ಬೀಳಬೇಕಾದದ್ದು ಹಾರ್ಡ್ನರ್ ಬೆರೆಸುವ ಎರಡು ಭಾಗದ ಎಪಾಕ್ಸಿ ಪ್ರೈಮರ್, ಎರಡು ಕೋಟ್. ಒಳಬದಿಗೂ. ಪುಟ್ಟಿ ಬೇಕಿದ್ದರೆ ಅದರ ಮೇಲೆ, 2–3 ಮಿ.ಮೀ. ಮೀರದಂತೆ. ಶಾಪಿನವರು ಇದನ್ನು ತಿರುವುಮುರುವು ಮಾಡುತ್ತಾರೆ: ತಗಡಿಗೆ ನೇರ ಪುಟ್ಟಿ ಮೆತ್ತಿ, ವಾಟರ್ ಪೇಪರ್‌ನಲ್ಲಿ ನೀರು ಸುರಿದು ಉಜ್ಜುತ್ತಾರೆ. ಪುಟ್ಟಿಯಲ್ಲಿ ಇರುವುದು ಬಹುಪಾಲು ಟಾಲ್ಕ್ ಪುಡಿ, ಅದು ನೀರು ಹೀರುತ್ತದೆ. ಆ ನೀರನ್ನು ಒಳಗಿಟ್ಟು ಮೇಲೆ ಪೇಂಟ್ ಮುಚ್ಚಿದರೆ ಗುಳ್ಳೆ ಏಳದೆ ಇನ್ನೇನಾಗುತ್ತದೆ? ಪುಟ್ಟಿಯನ್ನು ಒಣದಾಗಿಯೇ ಉಜ್ಜಬೇಕು, ಒರಟಿನಿಂದ ನಯಕ್ಕೆ 80, 180, 240 ನಂಬರಿನ ಉಜ್ಜುಕಾಗದದಲ್ಲಿ. ಮೇಲೆ 2ಕೆ ಸರ್ಫೇಸರ್ (ಗೀರು ತುಂಬುವ, ಹಾರ್ಡ್ನರ್ ಬೆರೆಸುವ ಪ್ರೈಮರ್), ಅದನ್ನು 600ರಲ್ಲಿ ನಯ ಮಾಡಿ ಬಣ್ಣ ಎರಡು ಮೂರು ಕೋಟ್, ಅದರ ಮೇಲೆ ಬಣ್ಣವಿಲ್ಲದ ಹೊಳಪಿನ ಕ್ಲಿಯರ್ ಎರಡು ಕೋಟ್.

ಹವಾಮಾನವನ್ನು ಯಾರೂ ಕೇಳುವುದಿಲ್ಲ. ತಗಡಿನ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಗಾಳಿಯ ತೇವಾಂಶ ಶೇ 85 ದಾಟಿದ್ದರೆ ಸ್ಪ್ರೇ ಗನ್ ಮುಟ್ಟಬಾರದು. ಜುಲೈಯಲ್ಲಿ ತೆರೆದ ಶೆಡ್‌ನಲ್ಲಿ ಇದು ಆಗದ ಮಾತು. ಬಿಸಿ ಬೂತ್ (ಮುಚ್ಚಿದ, ಬಿಸಿ ಮಾಡುವ ಪೇಂಟ್ ಕೋಣೆ) ಇರುವ ಕಡೆ ಹೋಗಿ, ಇಲ್ಲವೇ ಜನವರಿಗೆ ಮಾಡಿಸಿ. ಅಲ್ಲಿಯವರೆಗೆ ಗುಳ್ಳೆ ಕೆರೆದು, ಒಣ ದಿನ ನೋಡಿ ಬ್ರಷ್‌ನಲ್ಲಿ ಎಪಾಕ್ಸಿ ಬಳಿದಿಡಿ. ತೇಪೆ ಹಾಕಿದ ಹಾಗೆ ಕಾಣುತ್ತದೆ, ಕಾಣಲಿ. ಶಾಪಿನಲ್ಲಿ ಇನ್ನೊಂದು ನೋಡಿ: ಕಂಪ್ರೆಸರ್ ಟ್ಯಾಂಕಿನ ತಳದ ವಾಲ್ವ್ ತೆರೆಸಿ. ಕಾಫಿ ಬಣ್ಣದ ನೀರು ಜರ್ರೆಂದು ಬಂದರೆ ಆ ಗಾಳಿಯೇ ನಿಮ್ಮ ಕಾರಿಗೆ ಬೀಳುವುದು.

ಪೇಂಟ್ ಪೂರ್ತಿ ಗಟ್ಟಿಯಾದ ಮೇಲೆ ಒಳಗಿನ ಮಡಿಕೆಗೆ ಸಂದಿ ಮುಚ್ಚುವ ಸೀಮ್ ಸೀಲರ್, ಟೊಳ್ಳು ಭಾಗಕ್ಕೆ ಉದ್ದ ನಳಿಕೆಯಲ್ಲಿ ನೀರು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್. ಇದನ್ನು ಬಿಟ್ಟರೆ ಹೊರಗಿನ ಅಷ್ಟೂ ದುಡಿಮೆ ದಂಡ. ಡೋರಿನ ತಳದ ಸೀಳುಗಳನ್ನು ಪ್ಲಾಸ್ಟಿಕ್ ಕೇಬಲ್ ಟೈ ತೂರಿಸಿ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿದರೆ ಅಂಚು ಕೆರೆದು ಅಲ್ಲೇ ತುಕ್ಕು ಶುರು. ಲೈನರ್ ಹರಿದಿದ್ದರೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಕ್ಲಿಪ್ ಸಮೇತ ಹೊಸದು ಹಾಕಿಸಿ. ಒಟ್ಟು ಮೂರು ನಾಲ್ಕು ದಿನದ ಕೆಲಸ. ಬೆಳ್ಳಗಿನ ತಗಡಿನದೊಂದು, ಎಪಾಕ್ಸಿ ಆದ ಮೇಲೊಂದು ಫೋಟೊ ಕಳಿಸಬೇಕು ಅಂತ ಮೊದಲೇ ಹೇಳಿ. ಆಗಲ್ಲ ಅಂದರೆ ಬೇರೆ ಶಾಪ್ ನೋಡಿ.

ಹುಣಸೆಹಣ್ಣು, ಕೋಲಾ ಹಚ್ಚಿದರೆ ತುಕ್ಕು ಹೋಗುತ್ತದಂತೆ? — ಬನಶಂಕರಿ

ಹುಣಸೆಹಣ್ಣು ಹಿತ್ತಾಳೆ ಚೆಂಬಿಗೆ. ನಟ್ಟು ಬೋಲ್ಟು ನೆನೆಸಲು ಕೋಲಾ ಸರಿ. ಬಾಡಿ ತಗಡಿಗೆ ಹಚ್ಚಿದರೆ ಹುಳಿಯೂ ಸಕ್ಕರೆಯೂ ಸಂದಿಯಲ್ಲೇ ಉಳಿಯುತ್ತವೆ.

ಹಳೇ ಎಂಜಿನ್ ಆಯಿಲ್ ಕೆಳಗೆ ಸ್ಪ್ರೇ ಮಾಡಿಸುವುದು ಒಳ್ಳೆಯದಾ? — ಯಲಹಂಕ

ಈ ಸಲಹೆ ಕೊಟ್ಟವರ ಹತ್ತಿರ ಇನ್ನೇನೂ ಕೇಳಬೇಡಿ. ರಬ್ಬರ್ ಬುಷ್ ಊದಿಕೊಳ್ಳುತ್ತವೆ, ಸೈಲೆನ್ಸರ್ ಮೇಲೆ ಬಿದ್ದದ್ದು ಹೊಗೆಯಾಡುತ್ತದೆ, ಬ್ರೇಕ್ ಡಿಸ್ಕಿಗೆ ಸಿಡಿದರೆ ಕಾರು ನಿಲ್ಲುವುದಿಲ್ಲ.

ಕಾರು ಮಾರುವವರು ಅಂಡರ್‌ಬಾಡಿ ಕೋಟಿಂಗ್ ಫ್ರೀ ಮಾಡಿಸಿದ್ದಾರೆ. ಲಾಭ ಅಲ್ಲವೇ? — ಕೆ.ಆರ್. ಪುರ

ಯಾರಿಗೆ? ತುಕ್ಕಿನ ಮೇಲೆ ಕಪ್ಪು ಕೋಟಿಂಗ್ ಬಳಿದರೆ ತೇವ ಒಳಗೇ ಉಳಿದು ತುಕ್ಕು ಕಣ್ಣಿಗೆ ಕಾಣದೆ ಬೆಳೆಯುತ್ತದೆ. ಹಳೇ ಕಾರಿನ ತಳ ಹೊಸದಾಗಿ ಕರ್ರಗೆ ಮಿಂಚುತ್ತಿದ್ದರೆ ಲಿಫ್ಟ್ ಮೇಲೆ ಏರಿಸಿ, ಅಲ್ಲಲ್ಲಿ ಕೆರೆದು ನೋಡದೆ ಅಡ್ವಾನ್ಸ್ ಕೊಡಬೇಡಿ.

ಉಡುಪಿಯ ಕೆಎ-20 ಕಾರು ಅಗ್ಗಕ್ಕೆ ಸಿಗುತ್ತಿದೆ. ತಗೊಳ್ಳಬಹುದಾ? — ಮಲ್ಲೇಶ್ವರ

ನಂಬರ್ ನೋಡಿ ಬಿಡಬೇಡಿ, ನಂಬರ್ ನೋಡಿ ನಂಬಲೂ ಬೇಡಿ. ಕಡಲ ಗಾಳಿಯ ಉಪ್ಪು ತುಕ್ಕನ್ನು ಬೇಗ ಓಡಿಸುತ್ತದೆ, ನಿಜ. ಆದರೆ 2022ರ ಸೆಪ್ಟೆಂಬರಿನಲ್ಲಿ ಮಳೆ ನೀರು ನುಗ್ಗಿ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟಿನಲ್ಲಿ ಮುಳುಗಿ ನಿಂತಿದ್ದವು ಬೆಂಗಳೂರಿನ ಕಾರುಗಳೇ. ಯಾವ ಊರಿನದಾದರೂ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ, ಕಾರ್ಪೆಟ್ ಎತ್ತಿ, ಸೀಟಿನ ಹಳಿಗಳ ಬೋಲ್ಟ್ ನೋಡಿ. ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ. ಕೆಸರಿನ ಗೆರೆ ಅಲ್ಲಿರುತ್ತದೆ, ತೊಳೆದವರು ಅಷ್ಟು ಉದ್ದ ಎಳೆದಿರುವುದಿಲ್ಲ.

ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ತುಕ್ಕು ನಿಲ್ಲುತ್ತಾ? — ವಿಜಯನಗರ

ಇಲ್ಲ. ಅದು ಕೂರುವುದು ಪೇಂಟಿನ ಮೇಲೆ, ತುಕ್ಕು ಹಿಂದಿನಿಂದ ಬರುತ್ತದೆ.

ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ತುಕ್ಕುನಿರೋಧಕ ಬಾಕ್ಸ್? — ಎಚ್‌ಎಸ್‌ಆರ್ ಲೇಔಟ್

ವಿದ್ಯುತ್ತಿನಿಂದ ತುಕ್ಕು ತಡೆಯುವುದು ನೀರಲ್ಲಿ ಮುಳುಗಿದ ಹಡಗಿಗೆ, ಮಣ್ಣಲ್ಲಿ ಹೂತ ಪೈಪಿಗೆ. ನಿಮ್ಮ ಕಾರು ಗಾಳಿಯಲ್ಲಿ ನಿಂತಿದೆ. ದುಡ್ಡು ಉಳಿಸಿ.

ಮಳೆಯ ಮಾರನೇ ದಿನ ಬ್ರೇಕ್ ಡಿಸ್ಕ್ ಕೆಂಪಗಾಗಿತ್ತು. ಬದಲಿಸಲೇ? — ಜಯನಗರ

ಓಡಿಸುತ್ತಾ ನಾಲ್ಕು ಸಲ ಬ್ರೇಕ್ ಒತ್ತಿ, ಹೋಗುತ್ತದೆ.

ಬಾನೆಟ್ ತೆರೆದಾಗ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ತಗಡು ಪದರ ಪದರವಾಗಿ ಎದ್ದಿದೆ. ಇಪ್ಪತ್ತು ಸಾವಿರ ಕಡಿಮೆ ಮಾಡುತ್ತಾರಂತೆ. — ಹೆಬ್ಬಾಳ

ಪೂರ್ತಿ ಪುಕ್ಕಟೆ ಕೊಟ್ಟರೂ ಬೇಡ. ಕಾರಿನ ಮುಂಭಾಗದ ಭಾರವೆಲ್ಲ ಕೂರುವುದು ಆ ತಗಡಿನ ಮೇಲೆ. ಬಾನೆಟ್ ಮುಚ್ಚಿ, ಕೀ ವಾಪಸ್ ಕೊಟ್ಟು ಬನ್ನಿ.