ಅಡಿಕೆ ಅಂಗಳದ ಕ್ಯಾಮೆರಾ: ರೆಕಾರ್ಡಿಂಗ್ ಧಾರಾಳವಾಗಿರಲಿ, ಎಚ್ಚರಿಕೆ ಬಿಗಿಯಾಗಿರಲಿ

ಅಡಿಕೆ ಒಣಗಿಸುವ ಅಂಗಳಕ್ಕೂ ಗೋದಾಮಿಗೂ ಸೇರಿ ನಾಲ್ಕು ಕ್ಯಾಮೆರಾ, ಅವುಗಳ ದೃಶ್ಯವನ್ನು ದಾಖಲಿಸುವ ಒಂದು ಎನ್‌ವಿಆರ್ ಯಂತ್ರ, ಎರಡು ಟಿಬಿ ಹಾರ್ಡ್ ಡಿಸ್ಕ್ ಇದೆ ಎಂದಿದ್ದೀರಿ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ, ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೂ ಹನ್ನೆರಡರ ನಂತರದ ದೃಶ್ಯ ಸಿಗುತ್ತಿಲ್ಲ. ಆದರೆ ಮೊಬೈಲಿಗೆ ಎಚ್ಚರಿಕೆಗಳು ಮಾತ್ರ ಬೆಳಗಿನವರೆಗೂ ಸುರಿಯುತ್ತಿವೆ, ಈಗ ಅದರ ಸದ್ದನ್ನೇ ನಿಲ್ಲಿಸಿ ಮಲಗುತ್ತಿದ್ದೇವೆ ಎಂದು ಬರೆದಿದ್ದೀರಿ. ಮಲೆನಾಡಿನ ಮನೆ, ಗೋದಾಮುಗಳಿಗೆ ಇದೇ ವ್ಯವಸ್ಥೆಯನ್ನು ಕೂಡಿಸಿಕೊಡುವುದು ನನ್ನ ಕೆಲಸ. ನಿಮ್ಮ ಯಂತ್ರ ಕೆಟ್ಟಿಲ್ಲ. ಸೆಟ್ಟಿಂಗ್‌ಗಳನ್ನು ಸ್ವಲ್ಪ ಬದಲಿಸಿದರೆ ಸಾಕು.

ಮೊದಲು ಹನ್ನೆರಡರ ಸಮಸ್ಯೆ. ರೆಕಾರ್ಡ್ ಶೆಡ್ಯೂಲ್ ಪುಟದಲ್ಲಿ ವಾರದ ಏಳು ದಿನಗಳಿಗೆ ಏಳು ಸಾಲುಗಳಿರುತ್ತವೆ. ಪ್ರತಿ ಸಾಲೂ ನಡುರಾತ್ರಿಗೆ ಮುಗಿಯುತ್ತದೆ. ಸೋಮವಾರದ ಸಾಲಿನಲ್ಲಿ ಎಂಟರಿಂದ ಕೊನೆಯವರೆಗೆ ಬಣ್ಣ ತುಂಬಿದರೆ ಅದು ಮಂಗಳವಾರದ ಮುಂಜಾವಿಗೆ ತಾನಾಗಿ ಹರಿಯುವುದಿಲ್ಲ. 20:00ರಿಂದ 24:00 ಒಂದು ತುಂಡು, 00:00ಯಿಂದ 06:00 ಇನ್ನೊಂದು ತುಂಡು ಎಂದು ಪ್ರತಿ ದಿನಕ್ಕೂ ಎರಡೆರಡು ಹಾಕಬೇಕು. ಆಮೇಲೆ ಅದನ್ನು ಉಳಿದ ದಿನಗಳಿಗೂ ಉಳಿದ ಮೂರು ಕ್ಯಾಮೆರಾಗಳಿಗೂ ಕಾಪಿ ಮಾಡಿ, ಅಪ್ಲೈ ಒತ್ತಬೇಕು. ಎಚ್ಚರಿಕೆಗಳು ಬೆಳಗಿನವರೆಗೂ ಬರುವುದಕ್ಕೆ ಕಾರಣ, ಅವುಗಳ ವೇಳಾಪಟ್ಟಿಯೇ ಬೇರೆ. ಕಂಪನಿಯಿಂದ ಕಂಪನಿಗೆ ಹೆಸರು ಬದಲಾಗುತ್ತದೆ, ಆದರೆ ಸಾಮಾನ್ಯವಾಗಿ ಆರ್ಮಿಂಗ್ ಶೆಡ್ಯೂಲ್ ಎಂದಿರುತ್ತದೆ. ನಾವು ಮುಟ್ಟದಿದ್ದರೆ ಅದು ಬಹುತೇಕ ಯಂತ್ರಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಜಾರಿಯಲ್ಲಿರುತ್ತದೆ.

ಇಷ್ಟು ಹೇಳಿದ ಮೇಲೂ, ರಾತ್ರಿ ಮಾತ್ರ ಮತ್ತು ಚಲನೆ ಕಂಡಾಗ ಮಾತ್ರ ಎಂಬ ನಿಮ್ಮ ಯೋಜನೆಯನ್ನೇ ಕೈಬಿಡಿ ಎಂದು ಒತ್ತಾಯಿಸುತ್ತೇನೆ. ರೆಕಾರ್ಡಿಂಗ್ ಹಗಲು ರಾತ್ರಿ ನಿರಂತರವಾಗಿ ನಡೆಯಲಿ. ಅಡಿಕೆ ಕದಿಯುವವನು ರಾತ್ರಿ ಬರುವ ಮೊದಲು ಹಗಲಿನಲ್ಲಿ ಒಮ್ಮೆಯಾದರೂ ನೋಡಿಕೊಂಡು ಹೋಗಿರುತ್ತಾನೆ. ಆ ದೃಶ್ಯ ನಿಮಗೆ ಬೇಕಾಗುತ್ತದೆ. ಅಲ್ಲದೆ ಚಲನೆಯನ್ನು ಗುರುತಿಸುವುದು ಯಂತ್ರದ ಊಹೆ. ದೂರದಲ್ಲಿ ಬೇಲಿಯ ಪಕ್ಕ ನಿಧಾನವಾಗಿ ಸರಿಯುವ ಮನುಷ್ಯನನ್ನು ಅದು ಬಿಟ್ಟುಬಿಡಬಹುದು. ಎಚ್ಚರಿಕೆ ತಪ್ಪಿದರೂ ದಾಖಲೆ ಉಳಿಯಬೇಕು, ಇದು ನನ್ನ ಖಚಿತ ನಿಲುವು.

ಡಿಸ್ಕ್ ತುಂಬಿಬಿಡುತ್ತದೆ ಎಂಬ ನಿಮ್ಮ ಭಯಕ್ಕೆ ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುತ್ತಿದ್ದರೆ ಗಂಟೆಗೆ 1.8 ಜಿಬಿ, ದಿನಕ್ಕೆ ಸುಮಾರು 43 ಜಿಬಿ. ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ 173 ಜಿಬಿ. ಎರಡು ಟಿಬಿಯಲ್ಲಿ ಹನ್ನೊಂದು ದಿನ ಹಿಡಿಯುತ್ತದೆ. ಎನ್‌ಕೋಡಿಂಗ್ ಅನ್ನು, ಅಂದರೆ ದೃಶ್ಯವನ್ನು ಕುಗ್ಗಿಸಿ ಬರೆಯುವ ವಿಧಾನವನ್ನು, ಎಚ್.264ರಿಂದ ಎಚ್.265ಕ್ಕೆ ಬದಲಿಸಿ, ಬಿಟ್‌ರೇಟನ್ನು (ಸೆಕೆಂಡಿಗೆ ಕಳುಹಿಸುವ ಆ ಪ್ರಮಾಣವನ್ನು) 2 ಮೆಗಾಬಿಟ್‌ಗೆ ಇಳಿಸಿದರೆ ಚಿತ್ರ ಹೆಚ್ಚು ಕೆಡದೆ ಇಪ್ಪತ್ತಮೂರು ದಿನ ಸಿಗುತ್ತದೆ. ಓವರ್‌ರೈಟ್ ಆಯ್ಕೆ ಚಾಲೂ ಇದ್ದರೆ ತುಂಬಿದ ಮೇಲೆ ಹಳೆಯದು ಅಳಿಸಿ ಹೊಸದು ಬರೆಯುತ್ತಾ ಹೋಗುತ್ತದೆ, ಅದನ್ನು ಮರೆಯದೆ ನೋಡಿ. ಜನ ಹೆಚ್ಚಾಗಿ ಸೇರುವ ಸ್ಥಳಗಳು ಮೂವತ್ತು ದಿನಗಳ ದೃಶ್ಯವನ್ನು ಕಾಯ್ದಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ನಿಮ್ಮ ಖಾಸಗಿ ಅಂಗಳಕ್ಕೆ ಅದು ಅನ್ವಯಿಸದಿದ್ದರೂ ಗುರಿಯಾಗಿ ಇಟ್ಟುಕೊಳ್ಳಲು ಒಳ್ಳೆಯ ಅಳತೆ. ಮುಂದೆ ಡಿಸ್ಕ್ ಬದಲಿಸುವಾಗ ನಾಲ್ಕು ಟಿಬಿಯ, ಕಣ್ಗಾವಲಿಗೆಂದೇ ಮಾಡಿದ ಡಿಸ್ಕ್ ತೆಗೆದುಕೊಳ್ಳಿ. ಮೇಜಿನ ಕಂಪ್ಯೂಟರಿನ ಸಾಮಾನ್ಯ ಡಿಸ್ಕ್ ಬಿಡುವಿಲ್ಲದೆ ಬರೆಯುವ ಕೆಲಸಕ್ಕೆ ತಯಾರಾದದ್ದಲ್ಲ.

ಎಚ್ಚರಿಕೆಯ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ ಜಿಪುಣರಾಗಿರಿ. ಸಾದಾ ಮೋಷನ್ ಡಿಟೆಕ್ಷನ್ ನೋಡುವುದು ಚಿತ್ರದಲ್ಲಿ ಎಷ್ಟು ಭಾಗ ಬದಲಾಯಿತು ಎಂಬುದನ್ನು ಮಾತ್ರ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳುಗಳು ಮುತ್ತುತ್ತವೆ, ಅವನ್ನು ಹಿಡಿಯಲು ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತದೆ, ಮಳೆಹನಿ ಬಿಳಿ ಗೆರೆಯಾಗಿ ಹೊಳೆಯುತ್ತದೆ, ಅಡಿಕೆ ಸೋಗೆ ಗಾಳಿಗೆ ತೂಗುತ್ತದೆ. ಎಲ್ಲವೂ ಅದಕ್ಕೆ ಚಲನೆಯೇ. ಆದ್ದರಿಂದ ಮೊಬೈಲಿಗೆ ಸಂದೇಶ ಕಳುಹಿಸುವ ಕೆಲಸವನ್ನು ಮೋಷನ್ ಡಿಟೆಕ್ಷನ್‌ನಿಂದ ಕಿತ್ತುಕೊಂಡು ಲೈನ್ ಕ್ರಾಸಿಂಗ್ (ಎಳೆದ ಗೆರೆ ದಾಟಿದರೆ) ಅಥವಾ ಇಂಟ್ರೂಷನ್ (ಗುರುತಿಸಿದ ಜಾಗದೊಳಗೆ ನುಗ್ಗಿದರೆ) ಎಂಬ ನಿಯಮಕ್ಕೆ ಕೊಡಿ. ಗೇಟಿನ ಕ್ಯಾಮೆರಾದಲ್ಲಿ ಗೇಟಿನ ಒಳಗೆ ಒಂದು ಗೆರೆ ಎಳೆಯಿರಿ, ರಸ್ತೆಯ ಮೇಲೆ ಬೇಡ. ಅಂಗಳದ ಕ್ಯಾಮೆರಾದಲ್ಲಿ ಅಡಿಕೆ ಹರವಿದ ಜಾಗಕ್ಕಷ್ಟೇ ಚೌಕ ಹಾಕಿ, ಮರಗಳನ್ನು ಹೊರಗಿಡಿ. ನಿಮ್ಮ ಯಂತ್ರದಲ್ಲಿ ಮನುಷ್ಯ, ವಾಹನ ಎಂದು ಗುರುತಿಸುವ ಆಯ್ಕೆ ಇದ್ದರೆ ಎರಡನ್ನೂ ಟಿಕ್ ಮಾಡಿ. ನಾಯಿ, ಬೆಕ್ಕುಗಳ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಆರ್ಮಿಂಗ್ ವೇಳೆಯನ್ನು ಮನೆಯವರೆಲ್ಲ ಒಳಗೆ ಸೇರಿದ ಮೇಲಿನ ಹೊತ್ತಿಗೆ ಇಡಿ, ಇಲ್ಲೂ ಅದೇ ಎರಡು ತುಂಡುಗಳು. ಕೊಯ್ಲಿನ ಕಾಲದಲ್ಲಿ ಸುಲಿಯುವ ಕೆಲಸ ತಡರಾತ್ರಿಯವರೆಗೂ ನಡೆಯುವುದರಿಂದ ಆಗ ವೇಳೆಯನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ನಿಯಮ ಹಾಕಿದ ಮಾತ್ರಕ್ಕೆ ಸಂದೇಶ ಬರುವುದಿಲ್ಲ. ನಿಯಮ ಚಾಲೂ ಇರಬೇಕು, ಆ ಹೊತ್ತಿನಲ್ಲಿ ಆರ್ಮ್ ಆಗಿರಬೇಕು, ಎಚ್ಚರಿಕೆ ಬಂದಾಗ ಏನು ಮಾಡಬೇಕೆಂದು ಹೇಳುವ ಲಿಂಕೇಜ್ ಪುಟದಲ್ಲಿ ಆ್ಯಪಿಗೆ ತಿಳಿಸು ಎಂಬ ಚೌಕ ಟಿಕ್ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮೌನ. ಇಮೇಲ್ ಕೂಡ ಬೇಕೆಂದಿದ್ದೀರಿ. ಜಿಮೇಲ್ 2022ರ ಮೇ ಕೊನೆಯಿಂದ ಹಳೆಯ ಉಪಕರಣಗಳಿಗೆ ಬರೀ ಪಾಸ್‌ವರ್ಡ್ ಮೂಲಕ ಪ್ರವೇಶ ಕೊಡುವುದನ್ನು ನಿಲ್ಲಿಸಿದೆ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಹಾಕಿ, ಹದಿನಾರು ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು, ಅದನ್ನು ಎನ್‌ವಿಆರ್‌ನಲ್ಲಿ ತುಂಬಿ. ಪೋರ್ಟ್ 587, ಟಿಎಲ್‌ಎಸ್ ಎಂಬ ಸುರಕ್ಷಿತ ಸಂಪರ್ಕ ಚಾಲೂ.

ಯಾರೂ ಕೇಳದ, ಆದರೆ ನಾನು ಎಲ್ಲರಿಗೂ ಹಾಕಿಕೊಡುವ ಇನ್ನೊಂದು ಬಗೆಯ ಎಚ್ಚರಿಕೆ ಇದೆ: ಡಿಸ್ಕ್ ಕೆಟ್ಟಿದೆ, ಕ್ಯಾಮೆರಾ ಸಂಪರ್ಕ ಕಡಿದಿದೆ, ಲೆನ್ಸ್ ಮುಚ್ಚಲಾಗಿದೆ ಎಂದು ತಿಳಿಸುವವು. ಸಾಮಾನ್ಯವಾಗಿ ಎಕ್ಸೆಪ್ಷನ್ ಅಥವಾ ಈವೆಂಟ್ ಎಂಬ ಪುಟದಲ್ಲಿ ಸಿಗುತ್ತವೆ. ಕಳ್ಳತನವಾದ ಮೇಲೆ ಡಿಸ್ಕ್ ತಿಂಗಳುಗಳ ಹಿಂದೆಯೇ ಸತ್ತಿತ್ತು ಎಂದು ಗೊತ್ತಾಗುವ ಮನೆಗಳ ಸಂಕಟವನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಇದನ್ನು ಮುಂದೂಡಬೇಡಿ. ಇವು ಇಪ್ಪತ್ತನಾಲ್ಕು ಗಂಟೆಯೂ ಜಾರಿಯಲ್ಲಿರಲಿ. ಯುಪಿಎಸ್‌ಗೆ ಎನ್‌ವಿಆರ್ ಒಂದನ್ನೇ ಅಲ್ಲ, ಕೇಬಲಿನ ಮೂಲಕವೇ ಕ್ಯಾಮೆರಾಗಳಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ಮತ್ತು ಇಂಟರ್‌ನೆಟ್ ರೂಟರನ್ನೂ ಸೇರಿಸಿ. ಇಲ್ಲವಾದರೆ ಕರೆಂಟ್ ಹೋದ ಕ್ಷಣ ಕ್ಯಾಮೆರಾವೂ ಇಲ್ಲ, ಸಂದೇಶವೂ ಇಲ್ಲ.

ಮನೆಯ ಹೊರಗಿನಿಂದ ನೋಡಲು ರೂಟರಿನಲ್ಲಿ ಪೋರ್ಟ್ (ಇಂಟರ್‌ನೆಟ್‌ನಿಂದ ಯಂತ್ರಕ್ಕೆ ನೇರ ದಾರಿ) ತೆರೆಯಿರಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಅಸಂಖ್ಯ ಕ್ಯಾಮೆರಾ, ರೆಕಾರ್ಡರುಗಳನ್ನು ಹೀಗೆಯೇ ಹುಡುಕಿ ವಶಪಡಿಸಿಕೊಂಡಿತ್ತು. ಕಂಪನಿಯ ಆ್ಯಪ್ ಅಥವಾ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಬರುವ ಸುರಕ್ಷಿತ ಖಾಸಗಿ ದಾರಿ) ಬಳಸಿ, ಗಟ್ಟಿ ಪಾಸ್‌ವರ್ಡ್ ಇಡಿ.

ಕೊನೆಗೆ ಗಡಿಯಾರ. ಟೈಮ್ ಜೋನ್ +5:30 ಎಂದಿಟ್ಟು, ಇಂಟರ್‌ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುವ ಎನ್‌ಟಿಪಿ ಚಾಲೂ ಮಾಡಿ. ವೇಳಾಪಟ್ಟಿ ನಡೆಯುವುದೇ ಆ ಗಡಿಯಾರದ ಮೇಲೆ, ಪೊಲೀಸರು ಮೊದಲು ಕೇಳುವುದೂ ಅದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಂಥ ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಫೈಲಿನ ಹ್ಯಾಶ್ ಮೌಲ್ಯವಿರುವ (ಫೈಲು ಬದಲಾಗಿಲ್ಲವೆಂದು ತೋರಿಸುವ ಬೆರಳಚ್ಚಿನಂಥ ಸಂಕೇತ) ಪ್ರಮಾಣಪತ್ರವೂ ಬೇಕು. ಹಾಗಾಗಿ ಟಿವಿಯ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಕೊಟ್ಟರೆ ಸಾಲದು, ಮೂಲ ಫೈಲನ್ನೇ ಎಕ್ಸ್‌ಪೋರ್ಟ್ ಮಾಡಬೇಕು.

ಇವತ್ತೇ ಕತ್ತಲಾದ ಮೇಲೆ ಪರೀಕ್ಷೆ ಮಾಡಿ. ನಿಮ್ಮ ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿಡಿ, ಮನೆಯವರೊಬ್ಬರನ್ನು ಗೇಟಿನಿಂದ ಅಂಗಳದವರೆಗೆ ನಡೆಯಲು ಹೇಳಿ, ಸಂದೇಶ ಎಷ್ಟು ಸೆಕೆಂಡಿಗೆ ಬಂತು ನೋಡಿ. ನಡುರಾತ್ರಿ ದಾಟಿದ ಹೊತ್ತಿನ ಒಂದು ತುಣುಕನ್ನು ಮರುದಿನ ಪೆನ್‌ಡ್ರೈವಿಗೆ ಇಳಿಸಿ, ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ತೆರೆಯದಿದ್ದರೆ ಕಂಪನಿಯ ಪ್ಲೇಯರನ್ನೂ ಅದೇ ಪೆನ್‌ಡ್ರೈವಿನಲ್ಲಿ ಹಾಕಿಡಿ.